ಆಸ್ಪತ್ರೆಯ ಚೀಟಿ

"ಐದು ವರ್ಷ ಏನ್ರೀ ಮಾಡ್ತಿದ್ರಿ? ಬಾಯಿ ಬಿಡ್ರೀ!" ಬಂಗಾರಪೇಟೆಯ ಗಾರ್ಮೆಂಟ್ಸ್ ಮ್ಯಾನೇಜರ್ ಮೇಜು ಕುಟ್ಟಿದ. "ಹೊಲಿಗೆ ಚೆನ್ನಾಗಿದೆ, ಒಪ್ತೀನಿ. ಆದ್ರೆ ಐದು ವರ್ಷ ಮನೇಲಿ ಕೂತೋರು ನಾಳೆ ಮತ್ತೆ ಹೋಗಿ ಕೂರಲ್ಲ ಅಂತ ಏನು ಗ್ಯಾರಂಟಿ?"

"ಕೂತಿರ್ಲಿಲ್ಲ ಸಾರ್!" ಕೆಲಸ ಕೇಳಿ ಬಂದಿದ್ದ ಮುನಿರತ್ನಮ್ಮನ ದನಿಯೂ ಏರಿತು. "ಉರಿಗಾಂನಾಗೆ ಲಕ್ವ ಒಡ್ದು ಮಲಗಿದ್ದ ನಮ್ಮಮ್ಮನ್ನ ನೋಡ್ಕೊಂಡೆ. ಓದ ತಿಂಗಳು ತೀರ್ಕೊಂಡ್ರು."

"ಎಲ್ಲಾರೂ ಇದೇ ಕತೆ ಹೇಳ್ತಾರೆ. ದಾಖಲೆ ಇದೆಯಾ? ನೋಡ್ಕೊಳ್ಳೋಕೆ ಗಂಡುಮಕ್ಕಳು ಇರ್ಲಿಲ್ವಾ?"

ಅವಳು ಬ್ಯಾಗಿನಿಂದ ಆಸ್ಪತ್ರೆಯ ಚೀಟಿಯನ್ನು ಅರ್ಧ ಎಳೆದು ನಿಲ್ಲಿಸಿದಳು. ಮ್ಯಾನೇಜರ್ ಪಕ್ಕದಲ್ಲಿ ಕೂತಿದ್ದ ಸೂಪರ್‌ವೈಸರ್ ಗಿರಿ ಅವಳ ಒಡಹುಟ್ಟಿದ ತಮ್ಮ. ಅಲ್ಲಿ ನೌಕರರ ಸಂಬಂಧಿಕರನ್ನು ಕೆಲಸಕ್ಕೆ ಸೇರಿಸುವ ಹಾಗಿರಲಿಲ್ಲ. "ನನ್ ತಮ್ಮ ಅಂತ ಏಳ್ಬೇಡಕ್ಕ, ನನ್ ಕೆಲ್ಸಾನೂ ಓಯ್ತದೆ" ಎಂದು ಬೆಳಿಗ್ಗೆಯೇ ತನ್ನ ಮನೆಯಲ್ಲಿ ಎಚ್ಚರಿಸಿದ್ದ. ಚೀಟಿಯಲ್ಲಿ 'ಮಗ' ಎಂಬ ಕಡೆ ಅವನದೇ ಹೆಸರು, ಅವನದೇ ಸಹಿ. ಸಹಿ ಹಾಕಿದ ಆ ಒಂದು ದಿನ ಬಿಟ್ಟರೆ ಅವನು ತಾಯಿಯ ಹಾಸಿಗೆಯ ಹತ್ತಿರ ಸುಳಿದಿರಲಿಲ್ಲ.

ಅಕ್ಕ ಅವನನ್ನೇ ನೋಡಿದಳು. ಗಿರಿ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ.

ಅವಳು ಚೀಟಿಯನ್ನು ಬ್ಯಾಗಿನೊಳಕ್ಕೆ ತಳ್ಳಿದಳು. "ಗಂಡುಮಕ್ಕಳು ಇರ್ಲಿಲ್ಲ ಸಾರ್" ಎಂದು ಎದ್ದು ಹೊರಟಳು.

ಗಿರಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಅಕ್ಕಾ!"

ಮ್ಯಾನೇಜರ್ ತಿರುಗಿ ಅವನನ್ನು ನೋಡಿದ. ಬಾಗಿಲು ದಾಟಿದ್ದ ಅಕ್ಕ ತಿರುಗಲಿಲ್ಲ. ಅವನ ಮನೆಗೂ ಮತ್ತೆ ಬರಲಿಲ್ಲ.