ಮೂರು ಸೊನ್ನೆ

"ತಿನ್ನೂವಷ್ಟ ಆರಿಸವ್ವಾ," ಎಂದರು ಮಕ್ಕಳ ಮನಶ್ಶಾಸ್ತ್ರಜ್ಞೆ ಡಾ. ನೀಲಾಂಬಿಕಾ. ಐದು ವರ್ಷದ ಬ್ರಾಹ್ಮಿ ಮಾವು, ಬಾಳೆ ಆರಿಸಿ, ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿಯ ಚಿತ್ರಗಳನ್ನು ಚಪ್ಪಲಿಯ ಚಿತ್ರದ ಪಕ್ಕಕ್ಕೆ ತಳ್ಳಿದಳು. ಡಾಕ್ಟರು ಮೂರು ಸೊನ್ನೆ ಹಾಕಿದರು. ಬುದ್ಧಿ ಸಾಲದು ಎಂದು ಅವರು ಬರೆದರೆ ಬೀಡಿ ಊರಿನ ಶಾಲೆ ಹುಡುಗಿಯನ್ನು ಸೇರಿಸಿಕೊಳ್ಳುವುದಿಲ್ಲ.

"ಯಾಕ್ರೀ ಸೊನ್ನಿ?" ಅಜ್ಜಿ ತಾರಾಬಾಯಿ ಎದ್ದೇ ನಿಂತರು. "ನಾವು ಜೈನರು, ಗಡ್ಡಿ-ಗೆಣಸು ಮುಟ್ಟಂಗಿಲ್ಲ. ಕೂಸು ಬರೋಬರಿನ ಹೇಳೇತಿ. ದಡ್ಡರು ಯಾರ್ರೀ ಇಲ್ಲೆ?"

"ನಾನ ರೀ ಅಜ್ಜಿ. ಖರೇನ," ಎಂದರು ಡಾಕ್ಟರು.

ಇಪ್ಪತ್ತು ವರ್ಷದ ಹಿಂದೆ ಆ ಪರೀಕ್ಷೆಯನ್ನು ರೂಪಿಸಿದವರೇ ಅವರು. ಬೆಳಗಾವಿಯಲ್ಲಿ ಅದರಿಂದಲೇ ಅವರಿಗೆ ಹೆಸರು. ಇಷ್ಟು ದಿನ ಈ ತಪ್ಪನ್ನು ಯಾರೂ ಹಿಡಿದಿರಲಿಲ್ಲ. ಡಾಕ್ಟರು ಜೋರಾಗಿ ನಕ್ಕರು. ಹಾಳೆ ಹರಿದು, ಶಾಲೆಗೆ ಒಂದೇ ಸಾಲು ಬರೆದರು: "ಹುಡುಗಿ ಜಾಣೆ, ಸೇರಿಸಿಕೊಳ್ಳಿ."