ಹಸಿರಾಗದ ತಟ್ಟೆ

ನಾಲ್ಕನೆಯ ತಟ್ಟೆ ಮಾತ್ರ ಹಸಿರಾಗಲೇ ಇಲ್ಲ. ಓಕ್ಸಾನಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಒರೆಸಿಕೊಂಡು ಮತ್ತೆ ನೋಡಿದಳು. ಔಷಧಿ ಬಿದ್ದರೆ ಕ್ಯಾಸ್ಪೇಸ್ ಎಂಬ ಕಿಣ್ವ ಎಚ್ಚೆತ್ತು ಜೀವಕೋಶವನ್ನು ಒಳಗಿನಿಂದಲೇ ಕತ್ತರಿಸಿ ಮುಗಿಸಬೇಕು. ಸಾಯುವ ಕೋಶ ಹಸಿರಾಗಿ ಹೊಳೆಯಬೇಕು. ಉಳಿದ ಮೂರು ತಟ್ಟೆಗಳು ವಿನ್ನಿಪೆಗ್‌ನ ಜೂನ್ ತಿಂಗಳ ಹಚ್ಚಹಸಿರು ಗೋಧಿ ಹೊಲದಂತಿದ್ದವು.

"ಔಷಧಿ ಹಾಕೋದೇ ಮರೆತ್ಯಾ ತಾಯಿ?" ಪಕ್ಕದ ಮೇಜಿನಿಂದ ಲಾಯ್ಡ್ ಕೇಳಿದ.

"ಎರಡು ಸಲ ಹಾಕಿದೀನಿ."

"ಹಾಗಾದ್ರೆ ಭಾರೀ ಹಟಮಾರಿ ಕೋಶಗಳು! ಯಾರ ರಕ್ತ ಅದು? ನಂದಂತೂ ಅಲ್ಲ. ನಮ್ಮಮ್ಮ ಗದರಿದ್ರೇ ಅರ್ಧ ಸಾಯೋನು ನಾನು."

ಹೋಲಿಕೆಗೆ ಆರೋಗ್ಯವಂತರ ರಕ್ತ ಬೇಕಾದಾಗಲೆಲ್ಲ ಅಲ್ಲಿ ಕೆಲಸ ಮಾಡುವವರೇ ತಮ್ಮ ತೋಳು ಚಾಚುವುದು ಆ ಪ್ರಯೋಗಾಲಯದ ರೂಢಿ. ಈ ಸಲ ನಾಲ್ಕನೆಯದಾಗಿ, ಸಾಲಿನ ಕೊನೆಯಲ್ಲಿ ಚಾಚಿದ ತೋಳು ಓಕ್ಸಾನಾಳದು. ಸಾಯಲು ಒಪ್ಪದ ಕೋಶ ಬೆಳೆಯುತ್ತಲೇ ಹೋಗಿ ಕೊನೆಗೆ ಗಡ್ಡೆಯಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಳಿಗಾಲದ ನೆಗಡಿಯದೆಂದು ಅವಳು ಲೆಕ್ಕಿಸದೇ ಬಿಟ್ಟಿದ್ದ ಕುತ್ತಿಗೆಯ ಗಂಟನ್ನು ಬೆರಳು ತಾನಾಗಿಯೇ ಹುಡುಕಿಕೊಂಡು ಹೋಯಿತು. ಅದು ಅಲ್ಲೇ ಇತ್ತು, ಮೊದಲಿಗಿಂತ ಗಟ್ಟಿಯಾಗಿ.

"ಸಾಯ್ರೇ," ಎಂದಳು ಉಸಿರಲ್ಲೇ, "ಒಂದಾದ್ರೂ ಸಾಯ್ರೇ."

ಬಿಳಿ ದೀಪ ಹಾಕಿ ಕಣ್ಣಿಟ್ಟಳು. ತಟ್ಟೆಯ ನಟ್ಟನಡುವೆ ಕೋಶವೊಂದು ಸೊಂಟ ಕಿರಿದಾಗಿಸಿಕೊಂಡು, ನಿಧಾನವಾಗಿ, ಎರಡಾಗುತ್ತಿತ್ತು.