ಕಾಲು ಹಿಡಿದ ಹೀರೋ

ಪಾಪ್‌ಕಾರ್ನ್ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಅಪ್ಪನ ಜೊತೆ ನೋಡಿದ ಒಂದು ಸಿನಿಮಾ ನೆನಪಾಗುತ್ತದೆ.

ನಾವು ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿದ್ದಾಗಿನ ಮಾತು. ಮ್ಯಾನೇಜರಿಗೆ ಎದುರಾಡಿದನೆಂದು ಅಪ್ಪನನ್ನು ಫ್ಯಾಕ್ಟರಿಯಿಂದ ಹೊರಗಿಟ್ಟಿದ್ದರು. ವಿಚಾರಣೆಗೆ ಇನ್ನೊಂದೇ ದಿನವಿತ್ತು. ಆ ಮಧ್ಯಾಹ್ನ ಅಪ್ಪ ನನ್ನನ್ನೂ ಅಮ್ಮನನ್ನೂ ಹೊಸೂರಿನ ಟಾಕೀಸಿಗೆ ಕರೆದೊಯ್ದ. ಅವನ ಮೆಚ್ಚಿನ ಸಿನಿಮಾದ ಎರಡನೇ ಭಾಗ ಬಂದಿತ್ತು. ಮೊದಲ ಭಾಗದಲ್ಲಿ ಕೂಲಿಯಾಳಾಗಿದ್ದ ಹೀರೋ ಯಾವ ಧಣಿಗೂ ತಲೆ ಬಾಗಿಸಿರಲಿಲ್ಲ.

"ನೋಡ್ತಿರು ಕಣಮ್ಮ, ಈಗ ಹೆಂಗೆ ಎದ್ದು ನಿಲ್ತಾನೆ," ಎಂದು ಅಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಲೇ ಇದ್ದ.

ಹೀರೋ ನಿಲ್ಲಲಿಲ್ಲ. ಮಗಳ ಸಲುವಾಗಿ ಅದೇ ಧಣಿಯ ಕಾಲು ಹಿಡಿದ. ಜನ ಕೂಗಾಡಿದರು. ಅಪ್ಪನ ಮುಖ ನೋಡಲು ಹೆದರಿ, ಕೈಯಲ್ಲಿದ್ದ ಪಾಪ್‌ಕಾರ್ನ್ ಪೊಟ್ಟಣವನ್ನು ನಾನು ಹಿಸುಕಿ ಹಿಸುಕಿ ಮುದ್ದೆ ಮಾಡಿದೆ.

"ಅವ್ನು ಅಂಥೋನಲ್ಲ. ಕತೆ ಬರ್ದೋರು ಕೆಡಿಸ್ಬುಟ್ರು," ಎಂದ ಅಪ್ಪ, ಹೊರಗೆ ಬಂದಮೇಲೆ.

"ಮಕ್ಕಳಿರೋರು ಇನ್ನೇನ್ ಮಾಡ್ತಾರೆ?" ಎಂದಳು ಅಮ್ಮ, ಮೆಲ್ಲಗೆ.



ಮಾರನೆಯ ಸಂಜೆ ಅಪ್ಪ ವಿಚಾರಣೆ ಮುಗಿಸಿ ಬಂದು ಚೊಂಬು ನೀರು ಕುಡಿದ. "ನಾಳೆಯಿಂದ ಡ್ಯೂಟಿಗೆ ಬಾ ಅಂದ್ರು," ಎಂದ. ಅಮ್ಮ ದೇವರಿಗೆ ದೀಪ ಹಚ್ಚಿದಳು. ನಾನು ಹೋಗಿ ಅಪ್ಪನಿಗೆ ಒತ್ತಿಕೊಂಡು ಕೂತೆ. ಅಲ್ಲಿ ಏನು ಹೇಳಿ ಬಂದೆಯಪ್ಪ ಎಂದು ಮಾತ್ರ ಕೇಳಲಿಲ್ಲ.